ಒಂದು ಕಿಲೋ ಸಕ್ಕರೆ

ಅಧ್ಯಕ್ಷರಾದ ಗೆರಾರ್ಡ್ ಅವರೇ, ನಮ್ಮ ಪಾದ್ರಿಗಳೇ, ಕ್ರಾಕೋವಿನಿಂದ ಬಂದಿರುವ ತೀರ್ಪುಗಾರರೇ, ಮನೆಯಲ್ಲೇ ಬಿಯರು ಮಾಡಿ ಕುಡಿಯುವ ಸಾನೊಕ್ ಊರಿನ ಸಭಿಕರೇ,

ನನಗೆ ಭಾಷಣ ಬರುವುದಿಲ್ಲ. ದಿನಚರಿ ಬರೆದು ಅಭ್ಯಾಸ, ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ತೀರಿಹೋದ ನನ್ನ ಗಂಡ ಲುಡ್ವಿಕ್‌ನ ಬಿಯರಿಗೆ ಈ ವರ್ಷದ ಮೊದಲ ಬಹುಮಾನ ಕೊಟ್ಟಿದ್ದೀರಿ. "ಅತ್ತಿಗೆ, ಕಪ್ ತಗೊಂಡು ಎರಡು ಮಾತಾಡಿ, ಸಾಕು" ಎಂದರು ಗೆರಾರ್ಡ್. ಹಾಗೆಂದೇ ಬಂದೆ. ಆದರೆ ಕುರ್ಚಿಯ ಮೇಲೆ ಈ ಹಾಳೆ ಇತ್ತು. ನಿಮ್ಮ ಕೈಯಲ್ಲೂ ಇದೆ. 'ಹೊಸಬರಿಗಾಗಿ ಲುಡ್ವಿಕ್‌ನ ವಿಧಾನ.' ಅವನ ಹಳೆಯ ಪುಸ್ತಕ ನೋಡಿ ಗೆರಾರ್ಡ್ ಅಚ್ಚು ಹಾಕಿಸಿದ್ದಾರೆ. ನಾಳೆ ನಿಮ್ಮಲ್ಲಿ ಇಪ್ಪತ್ತು ಜನ ಇದರಂತೆಯೇ ಮಾಡುತ್ತೀರಿ. ತಿಂಗಳು ಬಿಟ್ಟು ಕುಡಿದಾಗ ಏನನ್ನುತ್ತೀರಿ? ಸತ್ತವನು ಸುಳ್ಳುಗಾರ ಅನ್ನುವುದಿಲ್ಲವೇ?

ಲುಡ್ವಿಕ್ ರೈಲ್ವೆಯಲ್ಲಿದ್ದವನು. ನಿವೃತ್ತಿಯ ದಿನ ಜೊತೆಯವರು ಬಿಯರು ಮಾಡುವ ಹೊಸಬರ ಕಿಟ್ ಕೊಟ್ಟರು: ಮುಚ್ಚಳದ ಬಕೆಟ್ಟು, ಮೊಳೆತ ಬಾರ್ಲಿಯ ಮಾಲ್ಟ್ ಪಾಕದ ಡಬ್ಬಿ, ಯೀಸ್ಟಿನ ಪೊಟ್ಟಣ, ಒಂದು ಕಾಗದ. ಡಬ್ಬಿಯ ಜೊತೆ ಒಂದು ಕಿಲೋ ಸಕ್ಕರೆ ಹಾಕಿ, ಬೆಚ್ಚಗಿನ ಜಾಗದಲ್ಲಿಡಿ ಎಂದಿತ್ತು ಕಾಗದ. ಅವನು ಒಲೆಗೆ ಒತ್ತಿಯೇ ಇಟ್ಟ. ಆರು ವರ್ಷ ಹಾಗೇ ಇಟ್ಟ. ಪಾದ್ರಿಗಳು ಒಂದು ಗುಟುಕು ಕುಡಿದು ಹವೆಯ ಮಾತೆತ್ತುತ್ತಿದ್ದರು. ಗೆರಾರ್ಡ್ ಅಂತೂ ಇದೇ ಸಭಾಂಗಣದಲ್ಲಿ, "ಲುಡ್ವಿಕ್, ಇದನ್ನ ಸೌತೆಕಾಯಿ ಮೇಲೆ ಸುರಿ, ಉಪ್ಪಿನಕಾಯಿ ಆದ್ರೂ ಆಗ್ಲಿ" ಎಂದರು. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಮರುದಿನ ಅವನು ಅದೇ ಕಾಗದ ಬಿಚ್ಚಿ ಇನ್ನೊಂದು ಡಬ್ಬಿ ತೆರೆದ.

ಸಕ್ಕರೆ ಬಿಡು, ಒಲೆಯಿಂದ ದೂರ ಇಡು ಎಂದು ಎಷ್ಟು ಸಲ ಹೇಳಿದೆ. ಮೂವತ್ತು ವರ್ಷ ಬ್ರೆಡ್ಡಿನ ಹಿಟ್ಟು ಹುದುಗಿಸಿದವಳು, ಯೀಸ್ಟಿಗೆ ಸೆಕೆಯಾದರೆ ವಾಸನೆ ಕೆಡುತ್ತದೆಂದು ನನಗೆ ಗೊತ್ತಿರಲಿಲ್ಲವೇ? "ಕಾಗದ ಬರೆದೋರಿಗಿಂತ ನಿಂಗೆ ಗೊತ್ತಾ?" ಎನ್ನುತ್ತಿದ್ದ.

ಈ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ. ಸ್ಪರ್ಧೆ ಬರುತ್ತಿದೆ, ಕಾಗದದಂತೆ ನೀನೇ ಹಾಕು ಎಂದ. ನಾನು ಕಾಗದ ಮಡಚಿಟ್ಟೆ. ಸಕ್ಕರೆಯ ಬದಲು ಇನ್ನೊಂದು ಡಬ್ಬಿ ಪಾಕ ಸುರಿದೆ. ಹೊಸ ಯೀಸ್ಟು ತಂದೆ. ಬಕೆಟ್ಟಿಗೆ ಒದ್ದೆ ಟವೆಲು ಸುತ್ತಿ ತಣ್ಣನೆಯ ಉಗ್ರಾಣದಲ್ಲಿಟ್ಟೆ. ಅವನು ದಿನಾ ಫೋನು ಮಾಡುತ್ತಿದ್ದ.

"ಒಲೆ ಹತ್ರ ಇದ್ಯಾ?"

"ಇದೆ."

ಮದುವೆಯಾದಾಗಿನಿಂದ ಅವನಿಗೆ ಅಷ್ಟು ಸುಳ್ಳು ಹೇಳಿರಲಿಲ್ಲ.

ಏಪ್ರಿಲ್‌ನಲ್ಲಿ ಮೂರು ದಿನಕ್ಕೆಂದು ಮನೆಗೆ ಕಳಿಸಿದರು. ಯಾಕೆ ಕಳಿಸಿದರೆಂದು ಇಬ್ಬರಿಗೂ ಗೊತ್ತಿತ್ತು. ಬಾಟಲಿ ತೆಗೆ ಎಂದ. ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದ. ಆಮೇಲೆ, "ನೋಡಿದ್ಯಾ? ನೀನು ತಲೆ ಹಾಕ್ದೆ ಇದ್ರೆ ಹೀಗೆ ಬರುತ್ತೆ" ಎಂದ.

ನಿಜ ನಾಲಿಗೆಯ ತುದಿಯಲ್ಲಿತ್ತು. ಆದರೆ ಅವನು ಲೋಟ ಚಾಚಿದ. ಆರು ವರ್ಷದಲ್ಲಿ ಲುಡ್ವಿಕ್ ತನ್ನ ಬಿಯರಿನ ಎರಡನೇ ಲೋಟ ಕೇಳಿದ್ದು ಅದೇ ಮೊದಲು. ನಾನು ತುಂಬಿಸಿದೆ.

ಸದಸ್ಯನೇ ಕೈಯಾರೆ ಮಾಡಿರಬೇಕು ಎಂಬುದು ಸಂಘದ ನಿಯಮ. ನಾನು ಸದಸ್ಯಳಲ್ಲ. ಗೆರಾರ್ಡ್ ಅವರೇ, ಕಪ್ ಇಗೋ, ನಿಮ್ಮ ಮೇಜಿನ ಮೇಲೆ ಇಡುತ್ತಿದ್ದೇನೆ. ಸಭಿಕರೇ, ನಿಮ್ಮಲ್ಲಿ ಪೆನ್ಸಿಲ್ ಇದ್ದರೆ ತೆಗೆಯಿರಿ. ಮೂರನೇ ಸಾಲು, ಒಂದು ಕಿಲೋ ಸಕ್ಕರೆ: ಹೊಡೆದುಹಾಕಿ, 'ಇನ್ನೊಂದು ಡಬ್ಬಿ' ಎಂದು ಬರೆಯಿರಿ. ಐದನೇ ಸಾಲು, ಒಲೆ: ಅದನ್ನೂ ಹೊಡೆಯಿರಿ. ನೊರೆ ಬರಲೆಂದು ಬಾಟಲಿಗೆ ಹಾಕುವ ಅರ್ಧ ಚಮಚ ಸಕ್ಕರೆಯ ಸಾಲು ಇರಲಿ, ಅದು ಸರಿಯಿದೆ.

ಮೇಲಿನ ಹೆಸರನ್ನು ಮಾತ್ರ ಹೊಡೆಯಬೇಡಿ. ಅದೊಂದನ್ನು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಇಷ್ಟು ಹೊತ್ತು ಸುಮ್ಮನೆ ಕೂತು ಕೇಳಿದಿರಿ, ನಿಮಗೆ ಋಣಿ. ನಮಸ್ಕಾರ.