ಎರಡು ಪರದೆಯಲ್ಲಿ ಒಂದೇ ಎಕ್ಸ್‌ರೇ

ಚಳಿ ಬಿಡುವ ತಿಂಗಳು, ಬೆಳಗ್ಗೆ ಹನ್ನೊಂದರ ಹೊತ್ತು. ಲ್ಯಾಪ್‌ಟಾಪ್ ಅಂಗಡಿಯಲ್ಲಿ ನನ್ನ ಫೋನು ರಿಪೇರಿಯಾಗಲೆಂದು ಕಾದು ಕೂತಿದ್ದೆ. ಪಕ್ಕದಲ್ಲಿ ಎಕ್ಸ್‌ರೇ ನೋಡಿ ವರದಿ ಬರೆಯುವ ಡಾಕ್ಟರಮ್ಮನೂ ಅವರ ತಮ್ಮನೂ ನಿಂತಿದ್ದರು.

“ಅಕ್ಕಾ, ನಿನ್ನ ಹಳೇ ಲ್ಯಾಪ್‌ಟಾಪ್ ಚೆನ್ನಾಗೇ ಇದೆಯಲ್ಲ. ಈ ದುಬಾರೀದು ಸಿನಿಮಾ ನೋಡೋಕಾ?”

“ಹಳೇದ್ರಲ್ಲಿ ಆ ಮಗು ಕೈಮೂಳೆ ಬಿರುಕು ಕಾಣ್ಲಿಲ್ಲ ಕಣೋ. ಏನೂ ಇಲ್ಲ ಅಂತ ಬರೆದ್ಬಿಟ್ಟೆ. ಕೈ ಸೊಟ್ಟಗಾಯ್ತು. ನಾಳೆ ಆಸ್ಪತ್ರೇಲಿ ವಿಚಾರಣೆ.”

“ತಪ್ಪು ಪರದೇದು ಅಂತೀಯಾ?”

“ಮತ್ತಿನ್ಯಾರ್ದು? ಇಲ್ಲಿ ನೋಡು, ಆ ಎಕ್ಸ್‌ರೇನೇ ಹೊಸದ್ರಲ್ಲಿ ಹಾಕಿದೀನಿ, ಬಿರುಕಿನ ಗೆರೆ ಎಷ್ಟು ಚೆನ್ನಾಗಿ ಕಾಣ್ತಿದೆ!”

“ಅದೇ ಚಿತ್ರ ಈಗ ನಿನ್ನ ಹಳೇದ್ರಲ್ಲಿ ಹಾಕಿದೀನಿ. ನೋಡು.”

ಡಾಕ್ಟರಮ್ಮ ಬಹಳ ಹೊತ್ತು ಬಗ್ಗಿ ನೋಡಿದರು.

“ಕಾಣುತ್ತಾ?”

“ಕಾಣುತ್ತೆ.”

“ಅವತ್ತು ಎಷ್ಟು ಎಕ್ಸ್‌ರೇ ನೋಡಿದ್ದೆ?”

“ನೂರ ನಲವತ್ತು.”

“ನಾಳೆ ಏನ್ ಹೇಳ್ತೀಯಕ್ಕಾ?”

“ಇಲ್ಲಿ ಕಂಡಿದ್ದನ್ನೇ. ನಡಿ.”

ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಅಕ್ಕ ತಮ್ಮ ಇಬ್ಬರೂ ಹೊರಟುಹೋದರು. ಹೊಸದು ಮೇಜಿನ ಮೇಲೇ ಉಳಿಯಿತು.