ಅವಳ ನಂಬರು ಒತ್ತಿದ ಕಬ್ಬಿಣ

ಯಾವೂರು ಎಂದು ಕೇಳಬೇಡಿ, ಅಲ್ಲೊಬ್ಬ ಶ್ರೀಮಂತನಿದ್ದ. ಅವನದೊಂದು ಯಂತ್ರದ ಕಾರ್ಖಾನೆ. ಪುಣ್ಯ ಬರಲಿ ಎಂದು ಕೈಕಸುಬು ಕಲಿಸುವ ಹೈಸ್ಕೂಲನ್ನೂ ಕಟ್ಟಿಸಿದ. ಫಲಿತಾಂಶ ನೂರಕ್ಕೆ ನೂರು ಬರಬೇಕು, ಅದೊಂದೇ ಅವನ ಹಟ.

ಆ ಶಾಲೆಗೆ ಫಿಟ್ಟರ್ ಕೆಲಸ ಕಲಿಯಲು ಒಬ್ಬ ಹುಡುಗಿ ಸೇರಿದಳು. ಅದೇ ಕಾರ್ಖಾನೆಯಲ್ಲಿ ದುಡಿಯಬೇಕೆಂಬುದು ಅವಳ ಆಸೆ. ಪರೀಕ್ಷೆಗೆ ಎರಡು ಕಬ್ಬಿಣದ ತುಂಡುಗಳನ್ನು ಅರದಿಂದ ಉಜ್ಜಿ, ಒಂದರೊಳಗೊಂದು ಕೂರುವಂತೆ ಮಾಡಬೇಕು. ಮೇಷ್ಟ್ರು ವರ್ಷವೆಲ್ಲ ಅದರ ಚಿತ್ರ ಬರೆಸಿದರೇ ಹೊರತು ಕೈಗೆ ಅರ ಕೊಡಲಿಲ್ಲ. ಅರ ಸವೆಯುತ್ತದಂತೆ! ನೋಡಿ, ಅರ ಸವೆಯಬಾರದಂತೆ, ಮಕ್ಕಳ ಆಯುಸ್ಸು ಸವೆದರೆ ಅಡ್ಡಿಯಿಲ್ಲವಂತೆ!

ಆದರೂ ಪರೀಕ್ಷೆಯ ದಿನ ಅವಳು ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡದೆ ಉಜ್ಜಿದಳು. ತುಂಡುಗಳ ನಡುವೆ ಉಗುರು ತೂರುವಷ್ಟು ಸಂದು ಉಳಿಯಿತು. ಪರೀಕ್ಷಕರು ಬರುವ ಮೊದಲೇ ಮೇಷ್ಟ್ರು ಅದನ್ನು ಕಸಕ್ಕೆಸೆದು, ಪೇಟೆಯಿಂದ ತಂದಿಟ್ಟಿದ್ದ ಹೊಳೆಯುವ ಜೋಡಿಯ ಮೇಲೆ ಅವಳ ನಂಬರು ಒತ್ತಿದರು. ಮೇಲೆ ತಳುಕು, ಒಳಗೆ ಹುಳುಕು ಅನ್ನುವುದು ಇದನ್ನೇ.

"ಸಾರ್, ಇದು ನಾನು ಮಾಡಿದ್ದಲ್ಲ."

"ಸುಮ್ನಿರಮ್ಮ. ನಿನ್ನೊಬ್ಬಳಿಂದ ಸ್ಕೂಲಿನ ಮಾನ ಹೋಗ್ಬೇಕಾ?"

ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಎಲ್ಲಿ ತಪ್ಪಿದೆ ಎಂದಾದರೂ ಹೇಳಬಾರದಿತ್ತೇ? ಹೇಳಲಿಲ್ಲ. ಮೊದಲನೇ ಸ್ಥಾನ ಕೊಟ್ಟರು. ಶ್ರೀಮಂತನೇ ಬಂದು ಪದಕ ಹಾಕಿದ.

ಮರುವಾರ ಅವಳು ಕೆಲಸ ಕೇಳಿಕೊಂಡು ಕಾರ್ಖಾನೆಗೆ ಹೋದಳು. ಶ್ರೀಮಂತ ಸರ್ಟಿಫಿಕೇಟನ್ನು ಒಮ್ಮೆ ನೋಡಿ ಮ್ಯಾನೇಜರಿಗೆ ಹೇಳಿದ: "ನಮ್ ಸ್ಕೂಲಿನೋರು ಬ್ಯಾಡ ಕಣಯ್ಯ. ಅವ್ರಿಗೆ ಏನೂ ಬರಲ್ಲ."

ಹುಡುಗಿ ಅಲ್ಲೇ ನಿಂತಿದ್ದಳು. "ಬರಲ್ಲ ಅಂತ ಗೊತ್ತಿದ್ದೂ ನನ್ ಕೊರಳಿಗೆ ಪದಕ ಹಾಕಿದ್ರಾ?"

ಆ ಪ್ರಶ್ನೆ ಅವನೊಬ್ಬನಿಗೇ ಅಲ್ಲ. ನಿಮಗೂ! ಮಕ್ಕಳ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತರುವವರು ಈ ಪ್ರವಚನಕ್ಕೆ ಎಷ್ಟು ಜನ ಬಂದಿದ್ದೀರಿ? ಕೈ ಎತ್ತಬೇಡಿ, ನನಗೆ ಗೊತ್ತಿದೆ. ಬೈಯುತ್ತಿದ್ದಾರೆ ಅಂದುಕೊಂಡಿರಾ? ಹೌದು, ಬೈಯುತ್ತಿದ್ದೇನೆ. ಇಲ್ಲಿ ಕುಳಿತು ಕಾಯಕ, ಕಾಯಕ ಎಂದರೆ ತಲೆದೂಗುತ್ತೀರಿ. ಮನೆಗೆ ಹೋಗಿ ಮಗಳ ಕೈಯಿಂದ ಕೆಲಸವನ್ನೇ ಕಿತ್ತುಕೊಳ್ಳುತ್ತೀರಿ.

ನಾಳೆ ಮಗಳು ಶಾಲೆಯಿಂದ ಬಂದಾಗ ಎಷ್ಟು ಮಾರ್ಕ್ಸು ಎಂದು ಕೇಳಬೇಡಿ. ಕೈಯಾರೆ ಏನು ಮಾಡಿದೆ ಎಂದು ಕೇಳಿ. ಸೊಟ್ಟಗಿದ್ದರೂ ಅದನ್ನೇ ಶಾಲೆಗೆ ಕಳಿಸಿ. ಮೇಷ್ಟ್ರು ಅದನ್ನು ತೆಗೆದು ಬೇರೆಯದನ್ನಿಟ್ಟರೆ ಎದ್ದು ಹೋಗಿ, ಅವರ ಮುಂದೆ ನಿಂತು ಕೇಳಿ: ನನ್ನ ಮಗಳು ಮಾಡಿದ್ದೆಲ್ಲಿ?