ಎದೆಯ ಮೇಲಿನ ಪಿಂಗಾಣಿ

ಹಾಲಾಡಿಯ ಬಸ್ ನಿಲ್ದಾಣದಲ್ಲಿ ಕೂತಿದ್ದ ಪದ್ದುವಿನ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ರಜೆ ಮುಗಿಸಿ ಗಡಿಗೆ ಹೊರಟಿದ್ದ ಸೈನಿಕ ಅಶೋಕನ ಜೊತೆ ಅವನ ತಾಯಿ ಗುಲಾಬಿ ಕೂತಿದ್ದಳು.

“ಗುಂಡ್ ತಡೂಕೆ ಎದಿಗೆ ಕಟ್ಟುದ್ ಪಿಂಗಾಣಿ ಅಂಬ್ರಲೆ ಮಗಾ. ಕಬ್ಬಿಣದ್ದ್ ಕೊಡುಕಾತಿಲ್ಯಾ?”

“ಕಬ್ಬಿಣ ಭಾರ ಅಬ್ಬಿ, ಓಡುಕಾತಿಲ್ಲೆ. ಇದ್ ಹಗುರ. ಗುಂಡಿನ ಮೂತಿನೇ ಪುಡಿ ಮಾಡತ್ತ್. ಉಳ್ದ ಚೂರನ್ನ ಹಿಂದಿನ ನಾರಿನ ಪದರ ಹಿಡ್ಕಂತ್.”

“ಪಿಂಗಾಣಿ ಒಡಿತಿಲ್ಯಾ?”

“ಒಡಿತ್ತ್. ಒಡುದೇ ಅದ್ರ ಕೆಲ್ಸ.”

“ನಿಂದ್ ಒಡ್ದಿತಾ?”

ಅಶೋಕ ರಸ್ತೆಯ ಕಡೆ ನೋಡಿದ.

“ಹೋದ್ ಚಳಿಗಾಲದಗೆ, ಒಂದ್ಸಲ.”

ಪದ್ದು ಮುಖ ತಿರುಗಿಸಿಕೊಂಡಳು. ಗುಲಾಬಿ ಮಗನ ಎದೆಯ ಮೇಲೆ ಅಂಗೈ ಇಟ್ಟಳು. ಕುಂದಾಪುರದ ಬಸ್ಸು ಬಂದು ನಿಂತರೂ ತೆಗೆಯಲಿಲ್ಲ.

“ಹೊಸ್ದ್ ಕೊಟ್ರಾ?”

“ಕೊಟ್ರ್ ಅಬ್ಬಿ.”

“ಹಾಂಗಾರ್ ಹತ್ತ್,” ಎಂದು ಅವಳು ಮೆಲ್ಲನೆ ಕೈ ತೆಗೆದಳು.